ಓರೆ ಬೆನ್ನಿಗೆ ಗಟ್ಟಿ ಬಲ: ಮೈಭಾರದ ಕಸರತ್ತಿಗೆ 13 ಸೂತ್ರಗಳು

1985ರಲ್ಲಿ ಅಮೆರಿಕದ ಪವರ್‌ಲಿಫ್ಟರ್ ಲಮಾರ್ ಗ್ಯಾಂಟ್ ತಮ್ಮ ಮೈತೂಕದ ಐದು ಪಟ್ಟು ಭಾರವನ್ನು ನೆಲದಿಂದ ಎತ್ತಿ ನಿಲ್ಲಿಸಿದರು. ಮೈತೂಕ ಸುಮಾರು 60 ಕಿಲೋ, ಎತ್ತಿದ್ದು 300 ಕಿಲೋ. ಡೆಡ್‌ಲಿಫ್ಟ್‌ನಲ್ಲಿ ಅಲ್ಲಿಯವರೆಗೆ ಯಾರಿಗೂ ಅದು ಸಾಧ್ಯವಾಗಿರಲಿಲ್ಲ. ಗ್ಯಾಂಟ್ ಅವರಿಗೆ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವ ಸ್ಥಿತಿ, ಇತ್ತು. ಬೆನ್ನುಮೂಳೆಯ ಓರೆ ಬರಿಗಣ್ಣಿಗೇ ಕಾಣುವಷ್ಟಿತ್ತು. ಓಟಗಾರ ಉಸೇನ್ ಬೋಲ್ಟ್ ಅವರದೂ ಓರೆ ಬೆನ್ನೇ. ಬೆನ್ನು, ಹೊಟ್ಟೆಯ ಸ್ನಾಯುಗಳನ್ನು ಗಟ್ಟಿಯಾಗಿಟ್ಟುಕೊಂಡರೆ ಅದು ತಮ್ಮನ್ನು ಕಾಡುವುದಿಲ್ಲ ಎಂದು ಅವರೇ ಹೇಳಿದ್ದಾರೆ.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮಗಳ ಬೆನ್ನು ಓರೆ ಎಂದು ಗೊತ್ತಾದ ದಿನವೇ ಆಟ ನಿಲ್ಲುತ್ತದೆ. ಬಗ್ಗಬೇಡ, ಭಾರ ಎತ್ತಬೇಡ, ಓಡಬೇಡ. ಹೀಗೆ ವರ್ಷಗಟ್ಟಲೆ ಜೋಪಾನ ಮಾಡಿದ ಬೆನ್ನು ಮುಂದೆ ಒಂದು ಬಕೆಟ್ ನೀರು ಎತ್ತಿದರೂ ಹಿಡಿದುಕೊಳ್ಳುತ್ತದೆ. ಓರೆಯ ಜೊತೆಗೆ ನಿಶ್ಶಕ್ತಿಯೂ ಸೇರಿಕೊಂಡಿರುತ್ತದೆ.

ಈ ಸೂತ್ರಗಳಿಗೆ ಜಿಮ್ ಬೇಡ. ನೆಲ, ಗೋಡೆ, ಒಂದು ಗಟ್ಟಿ ಕುರ್ಚಿ, ಸಾಧ್ಯವಿದ್ದರೆ ಬಾಗಿಲ ಚೌಕಟ್ಟಿಗೆ ಒಂದು ಕಂಬಿ ಸಾಕು. ಎಲ್ಲಕ್ಕೂ ತಳಹದಿ ಒಂದೇ ಮಾತು: ಬೆನ್ನನ್ನು ಕಸರತ್ತಿಗೆ ಬಗ್ಗಿಸಬೇಡಿ, ಕಸರತ್ತನ್ನು ಬೆನ್ನಿಗೆ ಬಗ್ಗಿಸಿ.

1. ಓರೆ ಯಾವ ಬಗೆಯದು ಎಂದು ಮೊದಲು ತಿಳಿಯಿರಿ

ಒಂದು ಕಾಲು ಗಿಡ್ಡವಾಗಿದ್ದರೆ, ಸ್ನಾಯು ಸೆಳೆದುಕೊಂಡಿದ್ದರೆ ಬೆನ್ನು ವಾಲಬಹುದು. ಕಾರಣ ಹೋದರೆ ಆ ಓರೆಯೂ ಹೋಗುತ್ತದೆ. ರಚನೆಯಲ್ಲೇ ಇರುವ ಓರೆ ಹಾಗಲ್ಲ. ಅಲ್ಲಿ ಬೆನ್ನುಮೂಳೆಯ ಕಶೇರುಗಳು ಪಕ್ಕಕ್ಕೆ ಬಾಗುವುದರ ಜೊತೆಗೆ ತಿರುಚಿಕೊಂಡಿರುತ್ತವೆ, ಪಕ್ಕೆಲುಬುಗಳನ್ನೂ ಜೊತೆಗೆ ಎಳೆದೊಯ್ದಿರುತ್ತವೆ. ಕಾಲು ಜೋಡಿಸಿ, ಮಂಡಿ ನೇರವಿಟ್ಟು, ಅಂಗೈ ಕೂಡಿಸಿ ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಬದಿ ಎತ್ತರವಾಗಿ ಕಂಡರೆ ಈ ಬಗೆಯ ಅನುಮಾನ ಬರಬೇಕು. ಲಂಡನ್ನಿನ ವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಖಚಿತಪಡಿಸುವುದು ಮಾತ್ರ ನಿಂತು ತೆಗೆಸಿದ ಎಕ್ಸ್‌ರೇ. ಅದರ ಮೇಲೆ ಅಳೆಯುವ ಕೋನಕ್ಕೆ ಕಾಬ್ ಕೋನ ಎಂದು ಹೆಸರು. ಅಮೆರಿಕದ ಮೂಳೆವೈದ್ಯ ಜಾನ್ ಕಾಬ್ 1948ರಲ್ಲಿ ಕೊಟ್ಟ ಅಳತೆ ಅದು. 10 ಡಿಗ್ರಿ ಅಥವಾ ಹೆಚ್ಚಿದ್ದರೆ ಸ್ಕೋಲಿಯೋಸಿಸ್. ಬೆಳೆಯುವ ಮಕ್ಕಳಲ್ಲಿ ಸುಮಾರು 25 ಡಿಗ್ರಿ ದಾಟಿದರೆ ಬ್ರೇಸ್‌ನ, ಅಂದರೆ ಮೈಗೆ ತೊಡಿಸುವ ಬಿಗಿ ಕವಚದ, ಮಾತು ಬರುತ್ತದೆ, 45–50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು.

ವೈದ್ಯರ ಬಳಿ ಹೋದಾಗ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಓರೆ ಎದೆಯ ಮಟ್ಟದಲ್ಲಿದೆಯೋ, ಸೊಂಟದ ಮಟ್ಟದಲ್ಲೋ, ಎರಡೂ ಕಡೆಯೋ? ಉಬ್ಬಿರುವುದು ಎಡಕ್ಕೋ ಬಲಕ್ಕೋ? ಎಷ್ಟು ಡಿಗ್ರಿ? ಮೂಳೆ ಇನ್ನೂ ಬೆಳೆಯುತ್ತಿದೆಯೇ? ಇವಿಲ್ಲದೆ ಶುರು ಮಾಡಿದ ಕಸರತ್ತು ಬರೀ ಊಹೆಯ ಮೇಲೆ ನಡೆಯುತ್ತದೆ.

2. ಗುರಿ ಬಲ, ನೇರವಾಗುವುದಲ್ಲ

ಈ ಸೂತ್ರವನ್ನು ನುಂಗಿಕೊಳ್ಳುವುದು ಕಷ್ಟ, ಆದರೆ ಇದಿಲ್ಲದೆ ಮುಂದಿನದು ಯಾವುದೂ ನಿಲ್ಲದು. ಬೆಳವಣಿಗೆ ಮುಗಿದ ವಯಸ್ಕರ ಬೆನ್ನುಮೂಳೆಯ ರಚನೆಯನ್ನು ದಂಡ, ಬಸ್ಕಿ ನೇರ ಮಾಡುವುದಿಲ್ಲ. ಮೂರು ತಿಂಗಳಲ್ಲಿ ಬೆನ್ನು ನೇರ ಮಾಡಿಕೊಡುತ್ತೇನೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಸರತ್ತು ಕೊಡುವುದು ಬೇರೆಯದು: ದಣಿವು ತಡವಾಗಿ ಬರುತ್ತದೆ, ನೋವು ಇಳಿಯುತ್ತದೆ, ನಿಲುವು ಹಿಡಿತಕ್ಕೆ ಬರುತ್ತದೆ, ಉಸಿರು ತುಂಬಿಕೊಳ್ಳುತ್ತದೆ, ಮೂಳೆ ಗಟ್ಟಿಯಾಗುತ್ತದೆ.

ಬೆಳೆಯುವ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2013ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾದ ದೊಡ್ಡ ಅಧ್ಯಯನವೊಂದರಲ್ಲಿ, ಬ್ರೇಸ್ ತೊಟ್ಟ ಮಕ್ಕಳಲ್ಲಿ ನೂರಕ್ಕೆ 72 ಮಂದಿ 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ತೊಡದವರಲ್ಲಿ ಅದು 48. ದಿನಕ್ಕೆ ಹೆಚ್ಚು ಗಂಟೆ ತೊಟ್ಟಷ್ಟೂ ಫಲ ಹೆಚ್ಚು. ಆದ್ದರಿಂದ ಕಸರತ್ತು ಮಾಡುತ್ತಿದ್ದೇವಲ್ಲ ಎಂದು ಬ್ರೇಸ್ ಕಳಚಿಟ್ಟು ಕೂರಬೇಡಿ. ಕಸರತ್ತಿನ ಹೊತ್ತಿಗೆ ಬಿಚ್ಚಬಹುದೇ ಎಂದು ವೈದ್ಯರನ್ನು ಕೇಳಿ, ಮುಗಿದ ಕೂಡಲೇ ಮತ್ತೆ ತೊಡಿಸಿ.

3. ಉಬ್ಬು ಬದಿ, ತಗ್ಗು ಬದಿ ಗುರುತಿಸಿ

ಓರೆಯ ಹೊರಗಡೆ, ಅಂದರೆ ಉಬ್ಬು ಬದಿಯಲ್ಲಿ, ಸ್ನಾಯುಗಳು ಎಳೆದುಕೊಂಡು ಉದ್ದವಾಗಿರುತ್ತವೆ, ಒಳಗಡೆ, ಅಂದರೆ ತಗ್ಗು ಬದಿಯಲ್ಲಿ, ಕುಗ್ಗಿ ಬಿಗಿಯಾಗಿರುತ್ತವೆ. ಸ್ಕೋಲಿಯೋಸಿಸ್ ಇರುವ ಬಹುಪಾಲು ಹದಿಹರೆಯದವರಲ್ಲಿ ಎದೆಯ ಓರೆ ಬಲಕ್ಕೆ ಉಬ್ಬಿರುತ್ತದೆ. ಮನೆಯವರಿಂದ ಬೆನ್ನಿನ ಫೋಟೋ ತೆಗೆಸಿಕೊಳ್ಳಿ: ಯಾವ ಹೆಗಲು ಮೇಲೆ, ಯಾವ ರೆಕ್ಕೆಮೂಳೆ ಹೊರಗೆ, ತೋಳು ಮತ್ತು ನಡುವಿನ ಮಧ್ಯದ ಸಂದು ಯಾವ ಕಡೆ ದೊಡ್ಡದು. ಅದೇ ನಿಮ್ಮ ನಕ್ಷೆ. ಇನ್ನೊಬ್ಬರ ಯೂಟ್ಯೂಬ್ ನಕ್ಷೆ ನಿಮಗೆ ಹೊಂದದು.

4. ಉಸಿರನ್ನು ತಗ್ಗು ಬದಿಗೆ ಕಳಿಸಿ

ಜರ್ಮನಿಯ ಕ್ಯಾಥರಿನಾ ಶ್ರೋತ್ ಅವರಿಗೆ ಹದಿಹರೆಯದಲ್ಲೇ ಸ್ಕೋಲಿಯೋಸಿಸ್ ಇತ್ತು. ಬಿಗಿ ಬ್ರೇಸ್ ತೊಟ್ಟು ಬೇಸತ್ತಿದ್ದರು. ತಗ್ಗುಬಿದ್ದ ರಬ್ಬರ್ ಚೆಂಡಿಗೆ ಗಾಳಿ ತುಂಬಿದರೆ ತಗ್ಗು ಮೇಲೇಳುತ್ತದೆ. ಹಾಗೆಯೇ ಉಸಿರಿನಿಂದ ತಮ್ಮ ಎದೆಗೂಡಿನ ತಗ್ಗನ್ನೂ ತುಂಬಬಹುದೇ ಎಂದು ಕನ್ನಡಿಯ ಮುಂದೆ ನಿಂತು ಪ್ರಯೋಗ ಮಾಡಿದರು. 1921ರಲ್ಲಿ ಮೈಸನ್ ಊರಿನಲ್ಲಿ ಚಿಕಿತ್ಸಾಲಯ ತೆರೆದರು. ಮಗಳು ಕ್ರಿಸ್ಟಾ ಅದನ್ನು ಮುಂದುವರಿಸಿದರು. ಒಬ್ಬ ರೋಗಿ ತನ್ನ ಬೆನ್ನನ್ನೇ ಪಾಠಶಾಲೆ ಮಾಡಿಕೊಂಡಿದ್ದರಿಂದ ಹುಟ್ಟಿದ ಈ ಪದ್ಧತಿಯನ್ನು ಇಂದು ಜಗತ್ತಿನ ನಾನಾ ಕಡೆಯ ಫಿಸಿಯೋಥೆರಪಿಸ್ಟರು ಕಲಿಯುತ್ತಾರೆ. ಇದರ ಬಗ್ಗೆ ನನಗೆ ತುಂಬ ಗೌರವ.

ಪೂರ್ತಿ ಶ್ರೋತ್ ಪದ್ಧತಿಗೆ ತರಬೇತಿ ಪಡೆದ ಗುರು ಬೇಕು. ಆದರೆ ಅದರ ಒಂದು ಎಳೆ ನಿಮ್ಮ ಪ್ರತಿ ಕಸರತ್ತಿಗೂ ಸೇರಬಹುದು. ಅಂಗೈಯನ್ನು ತಗ್ಗು ಬದಿಯ ಪಕ್ಕೆಲುಬಿನ ಮೇಲಿಡಿ, ತಲೆಯ ನೆತ್ತಿಯನ್ನು ಮೇಲಕ್ಕೆ ಚಾಚಿ, ಮೂಗಿನಿಂದ ಉಸಿರೆಳೆಯುತ್ತ ಆ ಅಂಗೈಯನ್ನು ಪಕ್ಕಕ್ಕೂ ಹಿಂದಕ್ಕೂ ತಳ್ಳಲು ನೋಡಿ. ಬಾಯಿಂದ ನಿಧಾನವಾಗಿ ಬಿಡಿ. ಶುರುವಿನಲ್ಲಿ ಏನೂ ಅಲುಗುವುದಿಲ್ಲ. ಕೆಲವು ವಾರ ಬಿಡದೆ ಮಾಡಿ. ದಂಡ, ಬಸ್ಕಿಯ ಹೊತ್ತಿಗೆ ಉಸಿರು ಬಿಗಿ ಹಿಡಿಯಬೇಡಿ. ಶ್ರಮ ಬೀಳುವಾಗ ಬಿಡಿ, ಹಿಂತಿರುಗುವಾಗ ಎಳೆಯಿರಿ.

5. ನಡುವಿನಿಂದ ಆರಂಭಿಸಿ

ಕೈಕಾಲಿಗಿಂತ ಮೊದಲು ನಡು ಗಟ್ಟಿಯಾಗಲಿ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನಿನ ಯಂತ್ರಶಾಸ್ತ್ರ ಅಧ್ಯಯನ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಮೂರು ಕಸರತ್ತುಗಳನ್ನು ಪ್ರಚಾರಕ್ಕೆ ತಂದರು: ತಲೆ–ಹೆಗಲನ್ನು ತುಸುವೇ ಎತ್ತುವ ಕರ್ಲ್ ಅಪ್, ಒಂದು ಮಗ್ಗುಲಿಗೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವ ಪಕ್ಕದ ಪ್ಲಾಂಕ್, ಬರ್ಡ್ ಡಾಗ್. ಓರೆ ಬೆನ್ನಿಗೆ ಇವು ಒಪ್ಪುವುದಕ್ಕೆ ಕಾರಣ ಇವುಗಳಲ್ಲಿ ಬೆನ್ನು ಬಗ್ಗುವುದಿಲ್ಲ, ತಿರುಚುವುದಿಲ್ಲ. ಇದ್ದಲ್ಲೇ ಗಟ್ಟಿಯಾಗಿ ನಿಲ್ಲುವುದನ್ನು ಕಲಿಯುತ್ತದೆ. ಒಮ್ಮೆಗೆ 8–10 ಸೆಕೆಂಡ್ ಹಿಡಿದು ಬಿಡಿ, ಮತ್ತೆ ಹಿಡಿಯಿರಿ. ಒಂದೇ ಉಸಿರಿಗೆ ಎರಡು ನಿಮಿಷ ಹಿಡಿಯುವ ಹಟ ಬೇಡ.

ಬರ್ಡ್ ಡಾಗ್‌ನಲ್ಲಿ ಅಂಬೆಗಾಲಿನ ಭಂಗಿಯಿಂದ ಬಲಗೈ, ಎಡಗಾಲು ಚಾಚಿದಾಗ ಬರುವ ತೂಗಾಟ ಕೈಕಾಲು ಬದಲಿಸಿದಾಗ ಬೇರೆಯೇ ಆಗಿರುತ್ತದೆ. ಕಂಗೆಡಬೇಡಿ. ಹೆಚ್ಚು ತೂಗಾಡುವ ಜೋಡಿಯಲ್ಲಿ ಕೈಯನ್ನು ನೆಲದಲ್ಲೇ ಬಿಟ್ಟು ಕಾಲನ್ನಷ್ಟೇ ಚಾಚಿ.

ಪಕ್ಕದ ಪ್ಲಾಂಕ್ ಬಗ್ಗೆ ಒಂದು ವಿಷಯ. 2014ರಲ್ಲಿ ನ್ಯೂಯಾರ್ಕಿನ ವೈದ್ಯ ಲೋರೆನ್ ಫಿಶ್‌ಮನ್ ಮತ್ತು ಸಂಗಡಿಗರು 25 ಮಂದಿಯಿಂದ ಇದೇ ಭಂಗಿಯ ಯೋಗರೂಪವಾದ ವಸಿಷ್ಠಾಸನವನ್ನು ಉಬ್ಬು ಬದಿ ಕೆಳಗಿಟ್ಟು ಮಾಡಿಸಿ, ಓರೆ ಇಳಿಯಿತೆಂದು ವರದಿ ಮಾಡಿದರು. ಸುದ್ದಿ ಜಗತ್ತೆಲ್ಲ ಹಬ್ಬಿತು. ಆದರೆ ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಎರಡು ಓರೆಗಳಿರುವವರಲ್ಲಿ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತವಾಗಬಹುದು. ನನ್ನ ಸಲಹೆ: ಎರಡೂ ಬದಿ ಮಾಡಿ, ಯಾವ ಬದಿಗೆ ಹೆಚ್ಚು ಎಂಬುದನ್ನು ಎಕ್ಸ್‌ರೇ ನೋಡಿದ ಫಿಸಿಯೋಥೆರಪಿಸ್ಟ್ ನಿರ್ಧರಿಸಲಿ. ಶುರುವಿಗೆ ಮಂಡಿ ಮಡಿಸಿ, ಮೊಣಕೈ ಊರಿ ಮಾಡಿ.

6. ದಂಡವನ್ನು ಗೋಡೆಯಿಂದ ಇಳಿಸುತ್ತ ಬನ್ನಿ

ಗರಡಿಮನೆಯ ದಂಡದಲ್ಲಿ ಎದೆ ನೆಲ ಸವರಿ ಮೇಲೆದ್ದು ಬೆನ್ನು ಹಿಂದಕ್ಕೆ ಬಾಗುತ್ತದೆ. ಅದು ಬಲ ಕೊಡುವ ಕಸರತ್ತು, ಆದರೆ ಓರೆ ಬೆನ್ನಿಗೆ ಆರಂಭದ ಮೆಟ್ಟಿಲಲ್ಲ. ಮೊದಲು ಗೋಡೆಗೆ ಅಂಗೈ ಊರಿ. 15 ಸಲ ಸಲೀಸಾದಾಗ ಅಡುಗೆಮನೆಯ ಕಟ್ಟೆ, ಆಮೇಲೆ ಅಲುಗದ ಕುರ್ಚಿ, ಕೊನೆಗೆ ನೆಲ. ಕೆಳಗಿಳಿಯಲು ಮೂರು ಸೆಕೆಂಡ್, ಏಳಲು ಒಂದು.

ಮನೆಯವರನ್ನು ಹಿಂದೆ ನಿಲ್ಲಿಸಿಕೊಳ್ಳಿ. ಉಬ್ಬು ಬದಿಯ ರೆಕ್ಕೆಮೂಳೆ ಬೆನ್ನಿನಿಂದ ಎದ್ದು ನಿಲ್ಲುತ್ತಿದ್ದರೆ ಇನ್ನೂ ಆ ಮೆಟ್ಟಿಲಿಗೆ ಸಿದ್ಧರಾಗಿಲ್ಲ, ಹಿಂದಿನದಕ್ಕೆ ಮರಳಿ. ಮೇಲೆದ್ದ ಮೇಲೂ ಅಂಗೈಯಿಂದ ನೆಲವನ್ನು ಇನ್ನೊಂದಿಷ್ಟು ದೂರ ತಳ್ಳಿ. ಆ ಕೊನೆಯ ಒಂದಂಗುಲದಲ್ಲಿ ರೆಕ್ಕೆಮೂಳೆಯನ್ನು ಹಿಡಿದಿಡುವ ಸ್ನಾಯುವಿಗೆ ಕೆಲಸ ಸಿಗುತ್ತದೆ.

7. ತಳ್ಳಿದಷ್ಟೂ ಎಳೆಯಿರಿ, ಸಾಧ್ಯವಾದರೆ ಹೆಚ್ಚು

ಮನೆಯಲ್ಲಿ ಕಸರತ್ತು ಮಾಡುವವರೆಲ್ಲ ದಂಡ ಹೊಡೆಯುತ್ತಾರೆ, ಎಳೆಯುವ ಕಸರತ್ತು ಬಿಟ್ಟುಬಿಡುತ್ತಾರೆ. ಓರೆ ಬೆನ್ನಿಗೆ ಬೇಕಾದದ್ದೇ ಅದು. ಕಂಬಿ ಇಲ್ಲದಿದ್ದರೆ ಗಟ್ಟಿ ಬೆಡ್‌ಶೀಟಿನ ತುದಿಗೆ ದಪ್ಪ ಗಂಟು ಹಾಕಿ, ಗಂಟು ಬಾಗಿಲ ಆಚೆಗಿರುವಂತೆ ಮೇಲಿನಿಂದ ಇಳಿಬಿಟ್ಟು ಬಾಗಿಲು ಮುಚ್ಚಿ ಚಿಲಕ ಹಾಕಿ. ನೀವು ಎಳೆದಾಗ ಬಾಗಿಲು ಇನ್ನಷ್ಟು ಮುಚ್ಚಿಕೊಳ್ಳುವ ಕಡೆ ನಿಲ್ಲಬೇಕು, ತೆರೆದುಕೊಳ್ಳುವ ಕಡೆ ಖಂಡಿತ ಅಲ್ಲ. ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿ, ಮೊಣಕೈಯನ್ನು ಪಕ್ಕೆಗೆ ತರುತ್ತ ಎದೆಯನ್ನು ಬಾಗಿಲಿನತ್ತ ಎಳೆಯಿರಿ. ಪಾದ ಬಾಗಿಲಿಗೆ ಹತ್ತಿರವಾದಷ್ಟೂ ಕಷ್ಟ ಹೆಚ್ಚು.

ಕಂಬಿಗೆ ನೇತಾಡಿದರೆ ಬೆನ್ನು ಹಗುರಾಗುತ್ತದೆ. ಆ ಹಿತ ನಿಜ, ಆದರೆ ಇಳಿದ ಮೇಲೆ ಓರೆ ಮರಳುತ್ತದೆ. ನೇತಾಟವನ್ನು ಚಿಕಿತ್ಸೆ ಎಂದುಕೊಳ್ಳದೆ ಕೈಹಿಡಿತ, ಹೆಗಲಿನ ಬಲಕ್ಕಾಗಿ ಮಾಡಿ. ಪಾದದ ತುದಿಯನ್ನು ಸ್ಟೂಲಿನ ಮೇಲಿಟ್ಟು ಅರ್ಧ ಭಾರ ಕಾಲಿಗೆ ಕೊಡಿ. ಪುಲ್‌ಅಪ್ ಮಾಡುವಾಗ ಮೈ ಒಂದು ಕಡೆಗೆ ತಿರುಗುತ್ತಿದ್ದರೆ ಏರುವುದನ್ನು ಬಿಟ್ಟು ಇಳಿಯುವುದನ್ನಷ್ಟೇ ನಿಧಾನವಾಗಿ ಅಭ್ಯಾಸ ಮಾಡಿ.

8. ಬಸ್ಕಿಗೆ ಕುರ್ಚಿ, ಆಮೇಲೆ ಒಂಟಿಗಾಲು

ಸೊಂಟದ ಓರೆ ಇರುವವರು ಬಸ್ಕಿಯಲ್ಲಿ ತಿಳಿಯದೆಯೇ ಒಂದು ಕಾಲಿಗೆ ಹೆಚ್ಚು ಭಾರ ಹಾಕುತ್ತಾರೆ. ಹಿಂದೆ ಕುರ್ಚಿ ಇಟ್ಟು, ಅದನ್ನು ಮುಟ್ಟಿ ಏಳಿ. ಎರಡೂ ಹಿಮ್ಮಡಿ ನೆಲ ಕಚ್ಚಿರಲಿ. ಅದು ಹದಕ್ಕೆ ಬಂದ ಮೇಲೆ ಮೆಟ್ಟಿಲು ಹತ್ತುವುದು, ಒಂದು ಕಾಲು ಮುಂದಿಟ್ಟು ಬಸ್ಕಿ, ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧ. ಒಂಟಿಗಾಲಿನ ಕಸರತ್ತಿನಲ್ಲಿ ಬಲವಾದ ಕಾಲು ಸೋತದ್ದರ ಕೆಲಸ ಕದಿಯಲಾಗುವುದಿಲ್ಲ. ಅಂಗಾತ ಮಲಗಿದಾಗ ಉಬ್ಬು ನೆಲಕ್ಕೆ ಒತ್ತಿದರೆ ದಪ್ಪ ಚಾಪೆ ಅಥವಾ ಮಡಿಸಿದ ಕಂಬಳಿ ಹಾಸಿ.

ಒಂದು ಕಾಲು ಗಿಡ್ಡವೆನಿಸಿತೆಂದು ನೀವೇ ಚಪ್ಪಲಿಗೆ ಅಟ್ಟೆ ಸೇರಿಸಬೇಡಿ. ಓರೆಯಿಂದ ಸೊಂಟ ವಾಲಿದ್ದರೂ ಕಾಲು ಗಿಡ್ಡವಾದಂತೆ ಕಾಣುತ್ತದೆ.

9. ಸೋತ ಬದಿಯೇ ಲೆಕ್ಕ ಹಿಡಿಯಲಿ

ಯಾವಾಗಲೂ ದುರ್ಬಲ ಬದಿಯಿಂದ ಶುರು ಮಾಡಿ. ಅದು ಏಳು ಮಾಡಿದರೆ ಬಲವಾದದ್ದಕ್ಕೂ ಏಳೇ. ಹತ್ತು ಮಾಡಬಲ್ಲೆ ಎಂದು ಬಲವಾದ ಬದಿ ಹೇಳಿದರೂ ನಿಲ್ಲಿಸಿ.

10. ತಿರುಚು, ಹಿಂಬಾಗು, ಸಿಟ್‌ಅಪ್: ಕಡೆಯ ಪಾಳಿ

ಇವು ವಿಷವಲ್ಲ. ಸಣ್ಣ ಓರೆಯಿದ್ದವರಿಗೆ ಸಾಮಾನ್ಯವಾಗಿ ಯಾವ ಆಟಕ್ಕೂ ಅಡ್ಡಿಯಿಲ್ಲ. ಆದರೆ ಈಗಾಗಲೇ ತಿರುಚಿಕೊಂಡ ಬೆನ್ನನ್ನು ವೇಗವಾಗಿ, ಕೊನೆಯಂಚಿನವರೆಗೆ, ಪದೇಪದೇ ತಿರುಚುವುದರಿಂದ ಬರುವ ಲಾಭ ಕಡಿಮೆ.

ಯೋಗ ಮಾಡುವವರಿಗೂ ಇದೇ ಮಾತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಅವರು ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಗೋಡೆಗಳನ್ನು ಆಸನಕ್ಕೆ ಆಸರೆಯಾಗಿ ತಂದರು. ಆಸನ ದೇಹಕ್ಕೆ ಹೊಂದಬೇಕು ಎನ್ನುವ ಆ ದಾರಿ ಓರೆ ಬೆನ್ನಿನವರಿಗೆ ಹೇಳಿ ಮಾಡಿಸಿದ್ದು. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟಲೇಬೇಕಿಲ್ಲ. ಕುರ್ಚಿ ಮುಟ್ಟಿದರೂ ಅದು ತ್ರಿಕೋನಾಸನವೇ.

11. ವಾರಕ್ಕೆ ಮೂರು ದಿನ, ಮೆಲ್ಲಗೆ ಏರಿಕೆ

ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧನೆಯ ಕಸರತ್ತು ಹೇಳುತ್ತದೆ. ನೀವು ಒಂದು ದಿನ ಬಿಟ್ಟು ಒಂದು ದಿನದಂತೆ ಮೂರು ದಿನ ಇಟ್ಟುಕೊಳ್ಳಿ. ಐದು ನಿಮಿಷ ಉಸಿರು, ನಡುವಿನ ಮೂರು ಕಸರತ್ತು, ಬಳಿಕ ದಂಡ, ಎಳೆತ, ಬಸ್ಕಿ, ಸೇತುಬಂಧ ತಲಾ ಎರಡು ಸುತ್ತು, ಸುತ್ತಿಗೆ 8–12. ಅರ್ಧ ಗಂಟೆಯ ಕೆಲಸ. ಇನ್ನೆರಡು ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಸೋತ ಸ್ನಾಯು ಕೈಬಿಟ್ಟ ಕ್ಷಣದಲ್ಲೇ ಬೆನ್ನು ತನ್ನ ಓರೆಗೆ ಜಾರುವುದು. ಎರಡು ಬಾರಿ ಸತತವಾಗಿ 12 ಸಲೀಸಾದರೆ ಮುಂದಿನ ಮೆಟ್ಟಿಲು.

ಪ್ರಗತಿಯನ್ನು ಕನ್ನಡಿಯಲ್ಲಿ ಹುಡುಕಬೇಡಿ, ಪುಸ್ತಕದಲ್ಲಿ ಬರೆದಿಡಿ: ಎಷ್ಟು ದಂಡ, ಎಷ್ಟು ಸೆಕೆಂಡ್ ಪ್ಲಾಂಕ್, ಸಂಜೆಗೆ ಬೆನ್ನು ಎಷ್ಟು ದಣಿದಿದೆ. ಎಕ್ಸ್‌ರೇಯಲ್ಲಿ ಎರಡು–ಮೂರು ಡಿಗ್ರಿ ಏರಿಳಿದರೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಕಾಬ್ ಅಳತೆಯಲ್ಲಿ ಸುಮಾರು 5 ಡಿಗ್ರಿ ವ್ಯತ್ಯಾಸ ಅಳೆಯುವುದರಲ್ಲೇ ಬರಬಹುದು.

12. ನೋವಿನ ಗಡಿ ಹಾಕಿಕೊಳ್ಳಿ

ಹತ್ತರಲ್ಲಿ ಮೂರರಷ್ಟು ನೋವು, ಮರುದಿನದ ಹೊತ್ತಿಗೆ ಇಳಿದುಹೋಗುವಂಥದ್ದು, ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಕಾಲಿಗೆ ಜುಮ್ಮು, ಮರಗಟ್ಟುವಿಕೆ, ಬಲಹೀನತೆ ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿದ್ದರೆ, ಜ್ವರ ಕೂಡಿಕೊಂಡರೆ, ಓರೆ ಬೇಗಬೇಗ ಹೆಚ್ಚುತ್ತಿದ್ದರೆ ಕಸರತ್ತು ನಿಲ್ಲಿಸಿ ವೈದ್ಯರನ್ನು ಕಾಣಿ. ಮೂತ್ರ, ಮಲದ ಹಿಡಿತ ತಪ್ಪಿದರೆ ಅಥವಾ ತೊಡೆಸಂದು ಮರಗಟ್ಟಿದರೆ ನಾಳೆಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

13. ಶಸ್ತ್ರಚಿಕಿತ್ಸೆ ಆದವರು ಸರ್ಜನ್‌ರ ಮಾತಿನಿಂದ ಶುರು ಮಾಡಿ

ರಾಡ್ ಹಾಕಿ ಬೆಸೆದ ಕಶೇರುಗಳು ಬಗ್ಗುವುದಿಲ್ಲ. ಬಗ್ಗುವ ಕೆಲಸವನ್ನು ತೊಡೆಸಂದು ವಹಿಸಿಕೊಳ್ಳಬೇಕು, ಇಲ್ಲದಿದ್ದರೆ ಬೆಸುಗೆಯ ಮೇಲಿನ, ಕೆಳಗಿನ ಸಂದುಗಳು ಆ ಹೊರೆ ಹೊರುತ್ತವೆ. ಆದ್ದರಿಂದ ಸಿಟ್‌ಅಪ್, ತಿರುಚು ಬಿಟ್ಟು ಸೇತುಬಂಧ, ಕುರ್ಚಿ ಬಸ್ಕಿ, ಗೋಡೆ ದಂಡ ಹಿಡಿಯಿರಿ. ಯಾವ ತಿಂಗಳಿಂದ ಯಾವುದನ್ನು ಎಂಬುದನ್ನು ನಿಮ್ಮ ಸರ್ಜನ್ ಹೇಳಬೇಕು, ಲೇಖನವಲ್ಲ.

ತಂದೆತಾಯಂದಿರಲ್ಲಿ ಕೊನೆಯ ವಿನಂತಿ. ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಸ್ಕೋಲಿಯೋಸಿಸ್‌ನ ಬಹುಪಾಲಿಗೆ ಕಾರಣ ಇಂದಿಗೂ ಗೊತ್ತಿಲ್ಲ. ಶಾಲೆಯ ಚೀಲದಿಂದಲೋ, ಮಲಗುವ ಭಂಗಿಯಿಂದಲೋ, ಮಗುವಿನ ಅಸಡ್ಡೆಯಿಂದಲೋ ಅದು ಬರುವುದಿಲ್ಲ. ‘ನೆಟ್ಟಗೆ ನಿಂತ್ಕೋ’ ಎಂದು ಗದರುವುದರಿಂದ ಹೋಗುವುದೂ ಇಲ್ಲ. ನೂರು ಹದಿಹರೆಯದವರಲ್ಲಿ ಎರಡು–ಮೂರು ಮಂದಿಗೆ ಇರುವ ಸ್ಥಿತಿ ಇದು, ಜೋರಾಗಿ ಹೆಚ್ಚುವುದು ಹುಡುಗಿಯರಲ್ಲೇ ಹೆಚ್ಚು. ನಿಮ್ಮ ಮನೆಯಲ್ಲಿ 10ರಿಂದ 14 ವಯಸ್ಸಿನ ಮಗುವಿದ್ದರೆ ಈ ವಾರವೇ ಮೊದಲ ಸೂತ್ರದಲ್ಲಿ ಹೇಳಿದಂತೆ ಮುಂದಕ್ಕೆ ಬಗ್ಗಿಸಿ ಬೆನ್ನು ನೋಡಿ. ಒಂದು ಬದಿ ಎತ್ತರ ಕಂಡರೆ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕರೆದೊಯ್ಯಿರಿ, ಮತ್ತು ವೈದ್ಯರು ಬೇಡವೆನ್ನದ ಹೊರತು ಮಗುವಿನ ಆಟವನ್ನು ನಿಲ್ಲಿಸಬೇಡಿ.